ಬೇರೆಯವರ ಬಾಯಿಗೆ ಬರೆದವರು ತಾವೇ ಮೈಕ್ ಮುಂದೆ ನಿಂತಾಗ

ಒಂದು ರ‍್ಯಾಪ್ ಹಾಡಿನಲ್ಲಿ ಎರಡು ಆಸ್ತಿಗಳಿರುತ್ತವೆ. ಬರೆದ ಹಾಡು ಒಂದು, ರೆಕಾರ್ಡ್ ಆದ ಧ್ವನಿ ಇನ್ನೊಂದು. ಪದ, ಹುಕ್‌ನ (ಪಲ್ಲವಿಯ) ರಾಗ, ಬೀಟಿನ (ಮಾತಿನ ಕೆಳಗೆ ಓಡುವ ಟ್ರ್ಯಾಕಿನ) ಸಂಗೀತ ಇವೆಲ್ಲ ಮೊದಲನೆಯದಕ್ಕೆ ಸೇರುತ್ತವೆ, ಅದರ ಹಣ ಪಬ್ಲಿಷಿಂಗ್ ದಾರಿಯಲ್ಲಿ ಬರುತ್ತದೆ. ಎರಡನೆಯದು ಮಾಸ್ಟರ್. ಜನ ಕೇಳುವ ಆ ಅಂತಿಮ ಫೈಲು ಯಾರದೋ ಅವರಿಗೆ ಅದರ ಹಣ. ಬೇರೆಯವರಿಗೆ ಬರೆದುಕೊಡುವಷ್ಟು ದಿನ ನಮ್ಮ ಮೂವರ ರ‍್ಯಾಪ್ ಗುಂಪಿನ ಪಾಲಿಗೆ ಇದ್ದದ್ದು ಮೊದಲನೆಯದರಲ್ಲಿ ಒಂದು ಚೂರು. ಎರಡನೆಯದನ್ನು ದಕ್ಕಿಸಿಕೊಳ್ಳಲು ಎಲ್ಲವನ್ನೂ ಹೊಸದಾಗಿ ಕಲಿಯಬೇಕೇನೋ ಎಂದುಕೊಂಡಿದ್ದೆವು. ಹಾಗೇನೂ ಇಲ್ಲ. ಬರೆದುಕೊಡುವ ಕೆಲಸದ ಹೊಟ್ಟೆಯಲ್ಲೇ ರೆಕಾರ್ಡಿಂಗ್ ಕೆಲಸ ಅರ್ಧಕ್ಕಿಂತ ಹೆಚ್ಚು ಇರುತ್ತದೆ, ಅದನ್ನು ಕಸ ಎಂದು ಅಳಿಸಿಹಾಕದಿದ್ದರೆ ಸಾಕು.

ಆ ಕೆಲಸದ ಹೆಸರು ರೆಫರೆನ್ಸ್ ಟ್ರ್ಯಾಕ್. ರ‍್ಯಾಪನ್ನು ಬರೀ ಹಾಳೆಯಲ್ಲಿ ಬರೆದುಕೊಟ್ಟರೆ ಹಾಡುವವರಿಗೆ ಅದು ಕೈಗೆ ಸಿಗುವುದಿಲ್ಲ. ಯಾವ ಅಕ್ಷರ ಸ್ನೇರ್ ಡ್ರಮ್ಮಿನ ಪೆಟ್ಟಿನ ಮೇಲೆ ಬೀಳಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ಹಾಳೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಬರೆದವರೇ ಬೀಟಿನ ಮೇಲೆ ಹೇಳಿ ರೆಕಾರ್ಡ್ ಮಾಡಿ ಕಳಿಸಬೇಕು. ಹೆಚ್ಚಿನವರು ಇದನ್ನು ಫೋನಿನಲ್ಲಿ ಹೇಗೋ ಮುಗಿಸುತ್ತಾರೆ. ನಾವು ಮೊದಲು ಬದಲಿಸಿದ್ದು ಇದನ್ನೇ: ರೆಫರೆನ್ಸ್ ಆದರೂ ಮುಂದೆ ಬಿಡುಗಡೆಗೆ ಯೋಗ್ಯವಾಗುವ ಮಟ್ಟದಲ್ಲಿ ರೆಕಾರ್ಡ್ ಮಾಡುವುದು. ಅದಕ್ಕೆ ಹೋಗುವ ಮುಂಚೆ ಬರವಣಿಗೆಯ ವಿಷಯ. ಅಲ್ಲಿ ಎಡವಿದರೆ ಎಂಥ ಮೈಕ್ ಇಟ್ಟರೂ ಪ್ರಯೋಜನವಿಲ್ಲ.

ನಾವು ಹಾಡನ್ನು ಮಾತ್ರೆಯಲ್ಲಿ ಅಳೆಯುತ್ತೇವೆ. ಇಲ್ಲಿ ಬೀಟು ಎಂದರೆ ತಾಳದ ಒಂದು ಪೆಟ್ಟು, ಬಾರ್ ಎಂದರೆ ಒಂದು ಆವರ್ತ. ನಾಲ್ಕು ಬೀಟಿನ ಒಂದು ಬಾರ್‌ನಲ್ಲಿ ಪ್ರತಿ ಬೀಟನ್ನು ನಾಲ್ಕಾಗಿ ಸೀಳಿದರೆ 16 ಮನೆ. ಲಘುವಿಗೆ ಒಂದು ಮನೆ, ಗುರುವಿಗೆ ಎರಡು. ಶಾಲೆಯಲ್ಲಿ ಬೇಜಾರಿನಿಂದ ಹಾಕುತ್ತಿದ್ದ ಪ್ರಸ್ತಾರ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಒಂದು ಸಾಲು ನೋಡಿ:

ಹಾಳೆಯ ಮೇಲಿನ ಸಾಲಿನ ಹಸಿವಿಗೆ

ನಾಲ್ಕು ನಾಲ್ಕರ ನಾಲ್ಕು ಗುಂಪು, 16 ಮನೆಯೂ ಭರ್ತಿ. ಲೆಕ್ಕ ಸರಿ, ಆದರೆ ಎರಡು ತೊಂದರೆ. ಪ್ರತಿ ಪದದ ತಲೆ ಬೀಟಿನ ಮೇಲೇ ಬೀಳುವುದರಿಂದ ಮಗ್ಗಿ ಒಪ್ಪಿಸಿದ ಹಾಗೆ ಕೇಳುತ್ತದೆ. ಜೊತೆಗೆ ಉಸಿರಿಗೆ ಜಾಗವೇ ಇಲ್ಲ. ಇದೇ ಮಾತನ್ನು ಹೀಗೆ ಮುರಿದರೆ:

ಹೆಸರು ಕಾಣದ ಹಾಳೆ ಮೇಲಿನ
ಹಸಿದ ಸಾಲಿನ ಲೆಕ್ಕ ಯಾರಿಗೆ

ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು 14. ಭಾಮಿನಿ ಷಟ್ಪದಿಯ ಮೊದಲ ಸಾಲಿನ ನಡೆಯೇ ಇದು. 16ರಲ್ಲಿ 14 ಹೋದರೆ ಕೊನೆಗೆ ಎರಡು ಮನೆ ಖಾಲಿ. 90 ಬಿಪಿಎಂ (ನಿಮಿಷಕ್ಕೆ 90 ಪೆಟ್ಟು) ಬೀಟಿನಲ್ಲಿ ಒಂದು ಮನೆ ಎಂದರೆ ಸೆಕೆಂಡಿನ ಆರನೇ ಒಂದು ಭಾಗ, ಎರಡು ಮನೆಯಲ್ಲಿ ಒಂದು ಚಿಕ್ಕ ಉಸಿರು ಆರಾಮಾಗಿ ಸಿಗುತ್ತದೆ. ಇನ್ನೊಂದು ಲಾಭ: ಪದಗಳ ತಲೆ 1, 4, 8, 11ನೇ ಮನೆಗಳಲ್ಲಿ ಬೀಳುತ್ತದೆ, ಬೀಟು ಬೀಳುವುದು 1, 5, 9, 13ರಲ್ಲಿ. ಮೊದಲನೆಯದೊಂದು ಕೂಡಿ, ಉಳಿದವು ಬೀಟಿಗಿಂತ ಮುಂಚೆಯೇ ಜಾರಿಬಿಡುತ್ತವೆ. ಕೇಳುವವರು ‘ಫ್ಲೋ ಇದೆ’ ಎನ್ನುವುದು ಈ ಜಾರುವಿಕೆಗೆ. ಬೀಟಿಗೆ ಮೂರು ಮನೆಯ ಟ್ರಿಪ್ಲೆಟ್ ನಡೆ ಬೇಕಾದಲ್ಲಿ ಮೂರು ಮಾತ್ರೆಯ ಪದಗಳನ್ನೇ ಹುಡುಕುತ್ತೇವೆ, ‘ಕನಸು ಕಟ್ಟಿ ಮಾರೊ ಕೆಲಸ’ ಎಂಬಂತೆ. ಅಲ್ಲಿ ಬಾರ್‌ಗೆ 12 ಮನೆ. ಆದರೆ ಇಡೀ ವರ್ಸ್ (ಚರಣ) ಇದೇ ನಡೆಯಲ್ಲಿ ಹೋದರೆ ಎಂಟನೇ ಬಾರ್ ಹೊತ್ತಿಗೆ ಕಿವಿ ಮಲಗಿಬಿಡುತ್ತದೆ.

ಛಂದಸ್ಸಿನ ಗುರು ಬಾಯಲ್ಲಿ ಯಾವಾಗಲೂ ಎರಡು ಮನೆ ಹಿಡಿಯಲೇಬೇಕೆಂದಿಲ್ಲ, ಒತ್ತಿ ಒಂದರಲ್ಲಿ ಮುಗಿಸಬಹುದು. ಆದರೆ ಹಾಗೆ ಒತ್ತಿದ ಕಡೆಯಲ್ಲೆಲ್ಲ ಒತ್ತಕ್ಷರ ನುಂಗಿಹೋಗುತ್ತದೆ. 90ರ ಬೀಟಿನಲ್ಲಿ ಎಲ್ಲ ಮನೆ ತುಂಬಿದರೆ ಸೆಕೆಂಡಿಗೆ 6 ಅಕ್ಷರ, 140ರ ಬೀಟಿನಲ್ಲಿ 9ಕ್ಕಿಂತ ಹೆಚ್ಚು. ಆ ವೇಗದಲ್ಲಿ ‘ಸ್ಪಷ್ಟ’ ಎಂಬ ಪದವೇ ಸ್ಪಷ್ಟವಾಗುವುದಿಲ್ಲ. ಆದ್ದರಿಂದ ವೇಗದ ಬಾರ್‌ಗಳಿಗೆ ಸಜಾತೀಯ ಒತ್ತು ಬಳಸುತ್ತೇವೆ (ಕಟ್ಟು, ಬೆಟ್ಟ, ಸೊಕ್ಕು). ಅವು ಡ್ರಮ್ಮಿನಂತೆ ಕೇಳುತ್ತವೆ. ವಿಜಾತೀಯ ಒತ್ತಿನ ಸಂಸ್ಕೃತ ಪದಗಳನ್ನು ನಿಧಾನದ ಬಾರ್‌ಗೆ ಇಡುತ್ತೇವೆ. ಕ್ರಿಯಾಪದದಲ್ಲೂ ಉಳಿತಾಯವಿದೆ. ‘ಮಾಡುತ್ತೇನೆ’ 7 ಮಾತ್ರೆ, ‘ಮಾಡ್ತೀನಿ’ 5. ಆಡುಮಾತಿಗೆ ಬಂದರೆ ಪ್ರತಿ ಕ್ರಿಯಾಪದಕ್ಕೂ ಒಂದು ಉಸಿರು ಉಳಿಯಿತು.

ಪ್ರಾಸದ ಬಗ್ಗೆ ನಮ್ಮದೊಂದು ಹಟವಿದೆ. ಕನ್ನಡದಲ್ಲಿ ಅಂತ್ಯಪ್ರಾಸ ತುಂಬ ಅಗ್ಗ. ಬರ್ತೀನಿ, ಇರ್ತೀನಿ, ತರ್ತೀನಿ, ಊರಲ್ಲಿ, ಬೀದಿಯಲ್ಲಿ ಎಂದು ವ್ಯಾಕರಣವೇ ಪ್ರಾಸ ಕಟ್ಟಿಕೊಡುತ್ತದೆ, ಬರೆದವರ ಶ್ರಮ ಏನೂ ಇಲ್ಲ. ಕೇಳುವವರಿಗೆ ಇದನ್ನು ವಿವರಿಸಲು ಬಾರದೆ ಇರಬಹುದು, ಆದರೆ ಸಪ್ಪೆ ಎನ್ನಿಸುವುದಂತೂ ಖಂಡಿತ. ನಾವು ಪ್ರತ್ಯಯಕ್ಕಿಂತ ಹಿಂದಿನ ಎರಡು ಅಕ್ಷರ ಸೇರಿದರೆ ಮಾತ್ರ ಅದನ್ನು ಪ್ರಾಸ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಇನ್ನೊಂದು ದಾರಿ ಸಾಲಿನ ತಲೆಯಲ್ಲೇ ಪ್ರಾಸ ಇಡುವುದು. ಮೇಲಿನ ‘ಹೆಸರು’, ‘ಹಸಿದ’ ನೋಡಿ, ಎರಡನೇ ಅಕ್ಷರದಲ್ಲಿ ಸಕಾರ ನಿಂತಿದೆ. ಹಳೆಯ ಕಾವ್ಯದ ಆದಿಪ್ರಾಸ ಸಾಲಿನ ತಲೆಯಲ್ಲಿ ಬರುವುದರಿಂದ, ಸಾಲಿನ ಬಾಲದಲ್ಲಿ ಪ್ರಾಸ ಬಂದೇ ಬರುತ್ತದೆಂದು ಕಾದಿರುವ ಕಿವಿಗೆ ಅದು ಅನಿರೀಕ್ಷಿತ.

ಬೇರೆಯವರಿಗೆ ಬರೆಯುವಾಗ ಈ ಎಲ್ಲ ಲೆಕ್ಕ ಅವರ ಉಸಿರಿಗೆ ತಕ್ಕಂತೆ ಇರಬೇಕು. ಅವರು ಮಾತಾಡುವ ಐದು ನಿಮಿಷದ ರೆಕಾರ್ಡಿಂಗ್ ತರಿಸಿಕೊಂಡು ಒಂದು ಉಸಿರಿಗೆ ಎಷ್ಟು ಪದ ಬರುತ್ತದೆ, ಳಕಾರ ಲಕಾರವಾಗುತ್ತದೆಯೇ, ಹಕಾರ ಬೀಳುತ್ತದೆಯೇ ಎಂದು ಗುರುತು ಮಾಡಿಕೊಂಡು, ಬೀಳುವ ಅಕ್ಷರಗಳ ಮೇಲೆ ಪ್ರಾಸ ನಿಲ್ಲಿಸದಿದ್ದರೆ ಆಯಿತು.

ಈಗ ರೆಫರೆನ್ಸ್ ರೆಕಾರ್ಡಿಂಗ್. 24 ಬಿಟ್, 48 ಕಿಲೋಹರ್ಟ್ಜ್. ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, 15ರಿಂದ 20 ಸೆಂಟಿಮೀಟರ್. ನಡುವೆ ಪಾಪ್ ಫಿಲ್ಟರ್. ಪಕಾರ ಬಕಾರಗಳ ಗಾಳಿ ನೇರ ಹೊಡೆಯದಂತೆ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ತಿರುಗಿಸುತ್ತೇವೆ. ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಇಡುವಾಗ ವರ್ಸ್‌ನ ಅತ್ಯಂತ ಜೋರಾದ ಸಾಲನ್ನೇ ಹೇಳಿಸಿ, ಮೀಟರ್ ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಬೇಕು. ಮೆಲ್ಲಗೆ ಹೇಳಿ ಗೇನ್ ಇಟ್ಟರೆ, ನಿಜವಾದ ಟೇಕ್‌ನಲ್ಲಿ ಆವೇಶ ಬಂದ ತಕ್ಷಣ ಕ್ಲಿಪ್ ಆಗಿ (ಮಿತಿ ಮೀರಿ ಧ್ವನಿ ಒಡೆದು) ಒಳ್ಳೆಯ ಟೇಕೇ ಹಾಳಾಗುತ್ತದೆ. ಯಾವಾಗಲೂ ಒಳ್ಳೆಯ ಟೇಕೇ ಹಾಳಾಗುವುದು, ಅದೇ ವಿಚಿತ್ರ! ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಧ್ವನಿಯ ತುಣುಕು) 128 ಸ್ಯಾಂಪಲ್ ಅಥವಾ ಅದಕ್ಕಿಂತ ಕಡಿಮೆ ಇರಲಿ. 512ಕ್ಕೆ ಬಿಟ್ಟು ಹೆಡ್‌ಫೋನಿನಲ್ಲಿ ಕೇಳಿಕೊಂಡು ಹೇಳಿದರೆ ಸ್ವಂತ ಧ್ವನಿ ತಡವಾಗಿ ಕಿವಿಗೆ ಬಂದು, ಹೇಳುವವರು ತಿಳಿಯದೆಯೇ ಬೀಟಿಗಿಂತ ಹಿಂದೆ ಬೀಳುತ್ತಾರೆ. ‘ಈವತ್ತು ಯಾಕೋ ಫ್ಲೋ ಕೂರುತ್ತಿಲ್ಲ’ ಎಂದಾಗ ಮೊದಲು ನೋಡಬೇಕಾದ್ದು ಇದನ್ನು.

ಪ್ರತಿ ರೆಫರೆನ್ಸ್‌ನ ಧ್ವನಿಯನ್ನು ಎಫೆಕ್ಟ್ ಇಲ್ಲದೆ, ಬಾರ್ 1ರಿಂದ ಶುರುವಾಗುವ ಒಂದೇ ಉದ್ದದ ವೇವ್ ಫೈಲಾಗಿ ಉಳಿಸುತ್ತೇವೆ. ಹೆಸರಿನಲ್ಲೇ ಬಿಪಿಎಂ, ಶ್ರುತಿ, ದಿನಾಂಕ, ಆವೃತ್ತಿ ಸಂಖ್ಯೆ. ಬೀಟ್ ಬದಲಾದರೂ ಧ್ವನಿ ಉಳಿಯುತ್ತದೆ, ಅದೇ ಬಿಪಿಎಂನ ಬೇರೆ ಬೀಟಿಗೆ ಹಾಗೇ ಕೂರಿಸಬಹುದು. ಇದು ಮುಖ್ಯ, ಯಾಕೆಂದರೆ ರೆಫರೆನ್ಸ್ ಕೆಳಗಿನ ಬೀಟು ಬಹಳ ಸಲ ಲೀಸ್‌ನದ್ದು. ಅದೇ ಬೀಟನ್ನು ಬೇರೆ ಎಷ್ಟೋ ಜನ ಕೂಡ ಕೊಂಡಿರುತ್ತಾರೆ, ಕರಾರಿನಲ್ಲಿ ಸ್ಟ್ರೀಮ್‌ಗಳಿಗೆ ಮಿತಿ ಇರುತ್ತದೆ. ಅಂಥ ಬೀಟಿನ ಹಾಡನ್ನು ಯೂಟ್ಯೂಬಿನ ಕಂಟೆಂಟ್ ಐಡಿಗೆ (ಒಂದೇ ಧ್ವನಿ ಇರುವ ವೀಡಿಯೊಗಳನ್ನು ತಾನೇ ಗುರುತಿಸುವ ವ್ಯವಸ್ಥೆಗೆ) ಸೇರಿಸಿದರೆ, ಆ ಬೀಟು ಕೊಂಡ ಉಳಿದವರ ಹಾಡುಗಳ ಮೇಲೂ ಕ್ಲೈಮ್ ಬಿದ್ದು ಜಗಳ ಶುರು. ಸ್ವಂತ ಬಿಡುಗಡೆಗೆ ಎಕ್ಸ್‌ಕ್ಲೂಸಿವ್ ಹಕ್ಕು ಬರೆಸಿಕೊಳ್ಳಬೇಕು, ಇಲ್ಲವೇ ಗುಂಪಿನ ಒಬ್ಬರು ಬೀಟ್ ಮಾಡುವುದನ್ನು ಕಲಿಯಬೇಕು. ನಾವು ಎರಡನೆಯ ದಾರಿ ಹಿಡಿದೆವು. ನಿಧಾನದ ದಾರಿ, ಆದರೆ ಟ್ರ್ಯಾಕ್‌ಗಳೆಲ್ಲ ಬಿಡಿಬಿಡಿಯಾಗಿ ಕೈಯಲ್ಲಿರುತ್ತವೆ.

ಕಾಗದಪತ್ರದ ವಿಷಯ ಯಾರಿಗೂ ಇಷ್ಟವಿಲ್ಲ, ಅದಕ್ಕೇ ಅಲ್ಲಿ ಎಲ್ಲರೂ ಏಟು ತಿನ್ನುತ್ತಾರೆ. ರ‍್ಯಾಪ್ ರೆಕಾರ್ಡುಗಳ ಇತಿಹಾಸದ ಆರಂಭದಲ್ಲೇ ಇಂಥದೊಂದು ಕಥೆ ಇದೆ. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್‌ನ ‘ರ‍್ಯಾಪರ್ಸ್ ಡಿಲೈಟ್’ ಬಂದಾಗ ಆ ಗುಂಪಿನ ಬಿಗ್ ಬ್ಯಾಂಕ್ ಹ್ಯಾಂಕ್ ಹೇಳಿದ ಸಾಲುಗಳು ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಬರೆದವು. ಕ್ಯಾಝ್ ತನ್ನ ಅಡ್ಡಹೆಸರನ್ನು ಅಕ್ಷರ ಬಿಡಿಸಿ ಹೇಳುವ ಸಾಲೂ ಹಾಗೇ ರೆಕಾರ್ಡಿಗೆ ಹೋಯಿತು. ಹಾಡಿನೊಳಗೆ ಬರೆದವನ ಹೆಸರು ಕೂತಿದೆ, ಲೇಬಲ್ಲಿನ ಮೇಲೆ ಇಲ್ಲ.

ಯಾರಿಗೆ ಎಷ್ಟು ಪಾಲು ಎಂದು ಬರೆದಿಡುವ ನಮ್ಮ ಸ್ಪ್ಲಿಟ್ ಶೀಟ್ ಅರ್ಧ ಪುಟದ್ದು. ಹಾಡಿನ ಹೆಸರು, ದಿನಾಂಕ, ಪ್ರತಿಯೊಬ್ಬರ ಅಧಿಕೃತ ಹೆಸರು, ಏನು ಮಾಡಿದರು, ಶೇಕಡಾ ಎಷ್ಟು, ಸಹಿ. ರೂಢಿಯಲ್ಲಿ ಬೀಟಿಗೆ ಅರ್ಧ, ಪದ ಮತ್ತು ಹುಕ್‌ಗೆ ಅರ್ಧ. ಮೂವರು ಬರೆದಿದ್ದರೆ ಆ ಅರ್ಧ 16.67, 16.67, 16.66 ಎಂದು ಹಂಚಿ ಒಟ್ಟು ಸರಿಯಾಗಿ 100 ಆಗುವಂತೆ ನೋಡುತ್ತೇವೆ. ಬೇರೆ ಬೇರೆಯವರು ಬೇರೆ ಬೇರೆ ಅಂಕಿ ನೋಂದಾಯಿಸಿ ಮೊತ್ತ 100 ದಾಟಿದರೆ ರಾಯಲ್ಟಿ ಸಂಸ್ಥೆಗಳು ತಗಾದೆ ಎಂದು ಹಣ ತಡೆಹಿಡಿಯುತ್ತವೆ. ಸಹಿ ಆಗಬೇಕಾದ್ದು ಹಾಡು ಮುಗಿದ ದಿನವೇ. ಹಾಡು ಓಡಿದ ಮೇಲೆ ಎಲ್ಲರ ನೆನಪೂ ಬದಲಾಗುತ್ತದೆ. ಹಾಡುವವರು ಸ್ಟುಡಿಯೋದಲ್ಲಿ ಎರಡು ಪದ ಬದಲಿಸಿ ಬರಹಗಾರರ ಪಾಲು ಕೇಳುವುದು ಮಾಮೂಲಿ. ಸೆಷನ್ನಿಗೆ ಮುಂಚಿನ ಸಾಹಿತ್ಯ, ಆಮೇಲಿನ ಸಾಹಿತ್ಯ ಎರಡನ್ನೂ ದಿನಾಂಕ ಸಮೇತ ಮೇಲ್ ಮಾಡಿಟ್ಟರೆ ವಾದ ಐದು ನಿಮಿಷದಲ್ಲಿ ಮುಗಿಯುತ್ತದೆ.

ಇನ್ನೊಂದು ಮಾತು ಹೋಲ್ಡ್ ಬಗ್ಗೆ. ‘ಈ ಹಾಡು ನನಗಿರಲಿ, ಯಾರಿಗೂ ಕೊಡಬೇಡಿ’ ಎಂದು ಹೇಳಿ ಒಂದು ವರ್ಷ ಸುಮ್ಮನಿರುವವರು ಬಹಳ. ನಾವು 60 ದಿನದ ಗಡುವು ಬರೆದುಕೊಡುತ್ತೇವೆ, ಅದು ಕಳೆದರೆ ಹಾಡು ತಾನಾಗಿ ವಾಪಸ್. ಪೂರ್ತಿ ಹಕ್ಕು ಬರೆಸಿಕೊಳ್ಳುವ ಒಂದೇ ಕಂತಿನ ಕರಾರಾದರೆ ಮೊತ್ತ ದೊಡ್ಡದಿರಬೇಕು, ‘ರೆಕಾರ್ಡ್ ಆಗದಿದ್ದರೆ ಹಕ್ಕು ಮರಳುತ್ತದೆ’ ಎಂಬ ಸಾಲು ಇರಲೇಬೇಕು. ವಾಪಸ್ ಬಂದ ಹಾಡನ್ನು ಸೋಲು ಎಂದುಕೊಳ್ಳುವ ಕಾರಣವಿಲ್ಲ. ಅಮೆರಿಕದ ರ‍್ಯಾಪರ್ ಐಸ್ ಕ್ಯೂಬ್ ‘ಬಾಯ್ಸ್ ಇನ್ ದ ಹುಡ್’ ಬರೆದದ್ದು ನ್ಯೂಯಾರ್ಕಿನ ಎಚ್‌ಬಿಒ ಎಂಬ ಗುಂಪಿಗೆ. ಅವರು ಬೇಡವೆಂದರು. ರ‍್ಯಾಪ್ ಮಾಡಿ ಅಭ್ಯಾಸವಿಲ್ಲದ ಈಝಿ-ಇ ಕೈಲಿ ಡಾಕ್ಟರ್ ಡ್ರೇ ಸಾಲು ಸಾಲಾಗಿ ಹೇಳಿಸಿ ರೆಕಾರ್ಡ್ ಮಾಡಿಸಿದರು. 1987ರಲ್ಲಿ ಅದು ಹೊರಬಂತು, ಈ ಮೂವರೂ ಇದ್ದ ಎನ್‌ಡಬ್ಲ್ಯುಎ ಗುಂಪಿಗೆ ದಾರಿ ಆಯಿತು.

ಬರೆದುಕೊಟ್ಟು ಪಳಗಿದವರು ತಮಗಾಗಿ ಬರೆದಾಗ ಆಗುವ ತಪ್ಪು ಒಂದೇ, ಎಲ್ಲರಿಗೂ ಆಗುವಂಥದ್ದು: ಹಾಡು ಯಾರದೂ ಅಲ್ಲದ ಹಾಡಾಗುತ್ತದೆ. ಯಾರ ಬಾಯಿಗಾದರೂ ಹೊಂದಲಿ ಎಂದು ವರ್ಷಗಟ್ಟಲೆ ಸಾಣೆ ಹಿಡಿದ ಕೈ, ಮೂಲೆಗಳನ್ನೆಲ್ಲ ತಾನಾಗಿಯೇ ಉಜ್ಜಿಹಾಕಿರುತ್ತದೆ. ಪರೀಕ್ಷೆ ಸುಲಭ. ವರ್ಸ್ ಅನ್ನು ಬೇರೊಬ್ಬ ರ‍್ಯಾಪರ್‌ಗೆ ಕೊಟ್ಟು ಹೇಳಿಸಿ, ಚೆನ್ನಾಗಿ ಕೂತರೆ ಅದನ್ನು ಮಾರಿಬಿಡಿ. ತಡವರಿಸಿದರೆ ಇಟ್ಟುಕೊಳ್ಳಿ. ನಮ್ಮ ಗುಂಪಿನಲ್ಲಿ ಒಬ್ಬರು ‘ಮಾಡ್ತೀನಿ’ ಎನ್ನುತ್ತಾರೆ, ಒಬ್ಬರು ‘ಮಾಡ್ತೇನೆ’. ಬೇರೆಯವರಿಗೆ ಬರೆಯುವಾಗ ಒಂದೇ ರೂಪಕ್ಕೆ ತರುತ್ತಿದ್ದೆವು, ನಮ್ಮ ಹಾಡಿನಲ್ಲಿ ಅದನ್ನು ಮುಟ್ಟುವುದಿಲ್ಲ. ಹೆಸರು ಹೇಳದೆ ಯಾರು ಬಂದರು ಎಂದು ಕೇಳುಗರಿಗೆ ತಿಳಿಯುವುದೇ ಅದರಿಂದ.

ಮೂರು ಧ್ವನಿಗಳನ್ನು ರೆಕಾರ್ಡ್ ಮಾಡುವಾಗ ಮೂವರಿಗೂ ಒಂದೇ ಮೈಕ್, ಒಂದೇ ದೂರ ಎಂಬ ಸಮಾನತೆ ಕೆಲಸಕ್ಕೆ ಬಾರದು. ದಪ್ಪ ಧ್ವನಿಯವರು ಹತ್ತಿರ ನಿಂತರೆ ಮೈಕ್ ಇನ್ನೂ ದಪ್ಪ ಮಾಡುತ್ತದೆ, ಅವರು ಒಂದು ಹೆಜ್ಜೆ ಹಿಂದೆ ಹೋಗಬೇಕು. ತೆಳು ಧ್ವನಿಯವರು ಹತ್ತಿರ ಬರಬೇಕು. ಸಶಷಗಳು ಚುಚ್ಚುವವರಿಗೆ ಮಿಕ್ಸ್‌ನಲ್ಲಿ 5ರಿಂದ 8 ಕಿಲೋಹರ್ಟ್ಜ್ ನಡುವೆ ಡಿ-ಎಸ್ಸರ್ (ಆ ಚುಚ್ಚುವ ಸದ್ದನ್ನು ತಗ್ಗಿಸುವ ಸಾಧನ) ಬೇಕಾಗುತ್ತದೆ, ಆದರೆ ಬಿಗಿ ಹೆಚ್ಚಾದರೆ ‘ಸರಿ’ ಎಂಬುದು ‘ತರಿ’ ಆಗುತ್ತದೆ. ಒಬ್ಬರಿಂದ ಒಬ್ಬರಿಗೆ ಮಾತು ದಾಟುವ ಕಡೆ, ಮುಗಿಸುವವರು ಕೊನೆಯ ಪದವನ್ನು ಮುಂದಿನ ಬಾರ್‌ಗೂ ಒಂದು ಬೀಟ್ ಎಳೆಯುತ್ತಾರೆ, ಶುರು ಮಾಡುವವರು ಉಸಿರೆಳೆದ ಸದ್ದಿನಿಂದಲೇ ರೆಕಾರ್ಡ್ ಶುರು. ಕತ್ತರಿಸಿ ಅಂಟಿಸಿದಂತೆ ಕೇಳುವ ಗುಂಪಿನ ಹಾಡುಗಳಲ್ಲಿ ಸಾಮಾನ್ಯವಾಗಿ ಈ ಉಸಿರನ್ನೇ ಶುಚಿ ಮಾಡುವ ಹೆಸರಿನಲ್ಲಿ ತೆಗೆದುಬಿಟ್ಟಿರುತ್ತಾರೆ. ಡಬಲ್ ಟ್ರ್ಯಾಕನ್ನು, ಅಂದರೆ ಅದೇ ಸಾಲನ್ನು ಮತ್ತೆ ಹೇಳಿ ಸೇರಿಸಿದ ಧ್ವನಿಯನ್ನು, ಇಡೀ ವರ್ಸ್‌ಗೆ ಹಾಕುವುದಿಲ್ಲ, ಪ್ರಾಸದ ಪದಗಳಿಗೆ ಮಾತ್ರ, ಮುಖ್ಯ ಧ್ವನಿಗಿಂತ 6ರಿಂದ 10 ಡೆಸಿಬೆಲ್ ಕೆಳಗೆ. ಮುಖ್ಯ ಟೇಕನ್ನೇ ನಕಲು ಮಾಡಿ ಪಕ್ಕಕ್ಕಿಟ್ಟರೆ ಅದು ಡಬಲ್ ಅಲ್ಲ, ಸದ್ದು ಮಾತ್ರ ಹೆಚ್ಚುತ್ತದೆ. ಸ್ವಲ್ಪ ಸರಿಸಿಟ್ಟರೆ ಇನ್ನೂ ಕೆಟ್ಟದು, ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಮತ್ತೆ ಹೇಳಿಯೇ ರೆಕಾರ್ಡ್ ಮಾಡಬೇಕು.

ಮಾಸ್ಟರಿಂಗ್‌ನಲ್ಲಿ (ಅಂತಿಮ ಫೈಲಿನ ಹದ ಕೂರಿಸುವಲ್ಲಿ) ಸದ್ದು ಏರಿಸುವ ಪೈಪೋಟಿಗೆ ಅರ್ಥವಿಲ್ಲ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗಿನಲ್ಲಿ ಎಲ್ಲವನ್ನೂ ಒಂದೇ ಜೋರಿಗೆ, ಅಂದರೆ ಜೋರನ್ನು ಅಳೆಯುವ ಮಾನದಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್‌ಗೆ ತಂದೇ ನುಡಿಸುತ್ತದೆ.

ಹಾಡಿನ ಕಟ್ಟಡ ಮಾತ್ರ ಬಿಡುಗಡೆಯನ್ನು ಮನಸ್ಸಿನಲ್ಲಿಟ್ಟೇ ಆಗಬೇಕು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್. 90 ಬಿಪಿಎಂನಲ್ಲಿ ನಾಲ್ಕು ಬಾರ್ ಪೀಠಿಕೆಗೆ ಸುಮಾರು 10.7 ಸೆಕೆಂಡ್, 16 ಬಾರ್ ವರ್ಸ್‌ಗೆ 42.7 ಸೆಕೆಂಡ್. ಎರಡನ್ನೂ ಕೂಡಿದರೆ ಮೊದಲ ಹುಕ್ ಬರುವಷ್ಟರಲ್ಲಿ 53 ಸೆಕೆಂಡ್ ದಾಟಿತು, ಕೇಳುಗರು ಅಷ್ಟರಲ್ಲಿ ಬೇರೆ ಹಾಡಿಗೆ ಹೋಗಿರುತ್ತಾರೆ. ನಾವು ಎರಡು ಬಾರ್ ಪೀಠಿಕೆ, ಎಂಟು ಬಾರ್ ಹುಕ್ ಎಂದು ಶುರು ಮಾಡುತ್ತೇವೆ. ಆಗ ಹುಕ್ ಪೂರ್ತಿ ಮುಗಿಯುವುದು 27ನೇ ಸೆಕೆಂಡಿಗೆ, ಆ ಹೊತ್ತಿಗೆ ಮೊದಲ ವರ್ಸ್‌ನ ಮೊದಲ ಸಾಲು ಕಿವಿ ಹಿಡಿಯಬೇಕು. ವರ್ಸ್‌ನ ಅತ್ಯುತ್ತಮ ಸಾಲು ಅಲ್ಲೇ ಇರಲಿ, ಕೊನೆಗೆ ಎಂದು ಕೂಡಿಡಬೇಡಿ.

ಪ್ರತಿ ರೆಕಾರ್ಡಿಂಗ್‌ಗೂ 12 ಅಕ್ಷರಾಂಕಿಗಳ ಐಎಸ್‌ಆರ್‌ಸಿ ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ ವಿತರಕರೇ ಕೊಡುತ್ತಾರೆ. ಬರೆದ ಹಾಡಿನ ಸಂಖ್ಯೆ ಬೇರೆಯೇ, ಐಎಸ್‌ಡಬ್ಲ್ಯುಸಿ. ಎರಡೂ ಒಂದಕ್ಕೊಂದು ಜೋಡಣೆಯಾಗದಿದ್ದರೆ ಸ್ಟ್ರೀಮ್ ಆದರೂ ಬರಹಗಾರರ ಹಣ ದಾರಿ ತಪ್ಪುತ್ತದೆ. ಗುಂಪಿನ ಹೆಸರಿನ ಸ್ಪೆಲ್ಲಿಂಗ್ ಎಲ್ಲ ಕಡೆ ಒಂದೇ ಇರಬೇಕು, ಒಂದು ಅಕ್ಷರ ಆಚೀಚೆಯಾದರೆ ಹಾಡು ಬೇರೆ ಯಾರದೋ ಪುಟಕ್ಕೆ ಹೋಗಿ ಕೂರುತ್ತದೆ. ಸ್ಪಾಟಿಫೈ ಸಂಪಾದಕರಿಗೆ ಹಾಡು ಸಲ್ಲಿಸಲು ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಎನ್ನುತ್ತಾರೆ. ನಾವು ನಾಲ್ಕು ವಾರ ಇಟ್ಟುಕೊಳ್ಳುತ್ತೇವೆ, ಫೈಲಿನಲ್ಲಿ ತಪ್ಪು ಕಂಡರೆ ಬದಲಿಸಲು ಸಮಯ ಬೇಕಲ್ಲ. 2024ರಿಂದ ಅಲ್ಲಿ 12 ತಿಂಗಳಲ್ಲಿ 1,000 ಸ್ಟ್ರೀಮ್ ದಾಟದ ಟ್ರ್ಯಾಕ್‌ಗೆ ರೆಕಾರ್ಡಿಂಗ್ ರಾಯಲ್ಟಿಯೇ ಇಲ್ಲ. ಹಾಗಾಗಿ ಹತ್ತು ಹಾಡನ್ನು ಒಟ್ಟಿಗೆ ಸುರಿಯುವುದಕ್ಕಿಂತ ಆರು ವಾರಕ್ಕೊಂದು ಬಿಟ್ಟು, ಪ್ರತಿಯೊಂದನ್ನೂ ಆ ಗೆರೆ ದಾಟಿಸುವುದು ಹೊಸ ಗುಂಪಿಗೆ ಲಾಭ.

ಬಿಡುಗಡೆಗೆ ಮುಂಚೆ ಮಾಡುವ ಕಡೆಯ ಪರೀಕ್ಷೆ ಸ್ಟೇಜಿನದ್ದು. ಸ್ಟುಡಿಯೋದಲ್ಲಿ ಪಂಚ್-ಇನ್ ಮಾಡಿ (ನಡುವೆ ನಿಲ್ಲಿಸಿ ಬೇಕಾದ ಕಡೆಯಿಂದ ಮತ್ತೆ ರೆಕಾರ್ಡ್ ಮಾಡಿ) ಸಾಲು ಸಾಲಾಗಿ ಜೋಡಿಸಿದ ವರ್ಸ್ ಕೇಳಲು ಚೆನ್ನ, ಆದರೆ ಎರಡು ಟೇಕ್ ಒಂದರ ಮೇಲೊಂದು ಬಿದ್ದ ಕಡೆ ಮನುಷ್ಯರಿಗೆ ಉಸಿರೆಳೆಯುವ ಜಾಗವೇ ಇರುವುದಿಲ್ಲ. ಅದಕ್ಕೆ ಮುಖ್ಯ ಧ್ವನಿ ತೆಗೆದ ಟ್ರ್ಯಾಕ್ ಹಾಕಿ, ನಿಂತುಕೊಂಡು, ಕೈ ಆಡಿಸುತ್ತ, ಇಡೀ ವರ್ಸನ್ನು ಒಂದೇ ಸಲಕ್ಕೆ ಮೂರು ಬಾರಿ ಹೇಳುತ್ತೇವೆ. ಮೂರನೇ ಸಲ ಎಲ್ಲಿ ಉಸಿರು ಕಟ್ಟುತ್ತದೋ ಆ ಬಾರ್‌ನ ಪ್ರಸ್ತಾರ ಹಾಕಿ ನೋಡಿದರೆ ಬಹುತೇಕ 16 ಮನೆಯೂ ತುಂಬಿರುತ್ತದೆ. 14ಕ್ಕೆ ಇಳಿಸುತ್ತೇವೆ. ಇಳಿಸಲು ಮನಸ್ಸೇ ಬಾರದಷ್ಟು ಚೆನ್ನಾಗಿದ್ದರೆ ಸಾಲಿನ ಕೊನೆಯ ಪದವನ್ನು ಪಕ್ಕದಲ್ಲಿ ನಿಂತವರಿಗೆ ದಾಟಿಸಿ, ಹಾಗೆಯೇ ಇನ್ನೊಮ್ಮೆ ರೆಕಾರ್ಡ್ ಮಾಡುತ್ತೇವೆ.